ನೆಲಮಾಳಿಗೆಯ ಪಿಸ್ತೂಲು: 58ರದ್ದೋ, 68ರದ್ದೋ?

ಜಾತ್ರೆಯಲ್ಲಿ ಬಲೂನಿಗೆ ಗುರಿ ಇಟ್ಟವರಿಗೆ ಏರ್ ಗನ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮದ್ದಿಲ್ಲ, ಹೊಗೆಯಿಲ್ಲ. ಸ್ಪ್ರಿಂಗು ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ನು ಗಾಳಿಯನ್ನು ಹಿಂಡುತ್ತದೆ, ಹಿಂಡಿದ ಗಾಳಿ ಸೀಸದ ಗುಳಿಗೆಯನ್ನು ಆಚೆ ದಬ್ಬುತ್ತದೆ. ಅದೇ ಯಂತ್ರವನ್ನು ಒಂದು ಕೈಯಲ್ಲಿ ಹಿಡಿಯುವಷ್ಟು ಗಿಡ್ಡ ಮಾಡಿದರೆ ಏರ್ ಪಿಸ್ತೂಲು.

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಎಂಬತ್ತು ದಾಟಿದ ಅಜ್ಜಿ. ಚಳಿಗಾಲಕ್ಕೆ ಮುಂಚೆ ನೆಲಮಾಳಿಗೆ ಖಾಲಿ ಮಾಡಿಸಲು ನನ್ನನ್ನು ಕರೆದಿದ್ದರು. ಉಪ್ಪಿನಕಾಯಿ ಜಾಡಿಗಳ ಹಿಂದೆ ಒಂದು ಬೂಟಿನ ಡಬ್ಬಿ, ಡಬ್ಬಿಯಲ್ಲಿ ಎಣ್ಣೆ ಹೀರಿ ಕಪ್ಪಾದ ಫ್ಲಾನೆಲ್ ಬಟ್ಟೆ, ಬಟ್ಟೆಯೊಳಗೆ ಈ ಪಿಸ್ತೂಲು. ತೀರಿಹೋದ ಯಜಮಾನರದ್ದು. "ಮದುವೆ ವರ್ಷ ತಗೊಂಡಿದ್ದು, 1959" ಅಂದರು ಅಜ್ಜಿ. ಫೋನಿನಲ್ಲಿ ಮಗ "ಅಲ್ಲಮ್ಮ, ಅದು ಯುದ್ಧಕ್ಕೆ ಮುಂಚಿನದು, ಒಳ್ಳೆ ಬೆಲೆ ಬರುತ್ತೆ" ಅಂದ. ಅಜ್ಜಿಗೆ ಬೆಲೆ ಬೇಕಿರಲಿಲ್ಲ. "ನೀವು ಮೆಕ್ಯಾನಿಕಲ್ ಅಲ್ವಾ, ರಿಪೇರಿ ಮಾಡಿ. ಯಾವ ವರ್ಷದ್ದು ಅಂತಾನೂ ನೋಡಿ. ಆಮೇಲೆ ನೀವೇ ಇಟ್ಟುಕೊಳ್ಳಿ" ಅಂದುಬಿಟ್ಟರು.

ಮೇಜಿನ ಮೇಲಿಟ್ಟು ಮೊದಲು ಮಾಡಿದ ಕೆಲಸ, ನಳಿಗೆ ಕೆಳಕ್ಕೆ ಬಗ್ಗಿಸಿ ಒಳಗೆ ಗುಳಿಗೆ ಇದೆಯಾ ಅಂತ ಬೆಳಕಿಗೆ ಹಿಡಿದದ್ದು. ಇರಲಿಲ್ಲ. ಇದು ಮಧ್ಯದಲ್ಲಿ ಮಡಚುವ ಜಾತಿ: ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಸ್ಪ್ರಿಂಗು ಬಿಗಿಯುತ್ತದೆ. ಹಾಗೆ ಬಗ್ಗಿಸಿದ ಸ್ಥಿತಿಯಲ್ಲಿ ಟ್ರಿಗರ್ ಒತ್ತಿದರೆ ನಳಿಗೆ ರಪ್ಪನೆ ಮೇಲಕ್ಕೆ ಬಡಿಯುತ್ತದೆ. ಬೆರಳು ಹೋಗುತ್ತದೆ, ಇಲ್ಲವೇ ನಳಿಗೆ ಸೊಟ್ಟಗಾಗುತ್ತದೆ. ಹಳೆಯ ಪಿಸ್ತೂಲು ಕೊಳ್ಳುವವರು ನಳಿಗೆಯ ಮೇಲೊಂದು ಸ್ಕೇಲ್ ಇಟ್ಟು ನೋಡುವುದು ಇದಕ್ಕೇ. ಇದರದ್ದು ನೆಟ್ಟಗಿತ್ತು.

ಕಣ್ಣಿಗೆ ಮೊದಲು ಬಿದ್ದ ಬರಹ ಸಿಲಿಂಡರಿನ ನೆತ್ತಿಯ ಮೇಲೆ: "ಗೆಕಾಡೊ", ಅದರ ಪಕ್ಕ "ಮಾಡೆಲ್ 5". ನಳಿಗೆಯ ಬುಡದಲ್ಲಿ 4,5. ಜರ್ಮನ್ನರು ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ನಾಲ್ಕೂವರೆ ಮಿಲಿಮೀಟರ್, ಅಂದರೆ ನಮ್ಮಲ್ಲಿ ಎಲ್ಲರೂ ಇಂಚಿನ ಲೆಕ್ಕದಲ್ಲಿ "ಪಾಯಿಂಟ್ ಒನ್ ಸೆವೆನ್ ಸೆವೆನ್" ಅನ್ನುವ ಅಳತೆ. ಸೀರಿಯಲ್ ನಂಬರು ಎಲ್ಲಿಯೂ ಇಲ್ಲ.

ಗೆಕಾಡೊ ಎಂಬ ಕಾರ್ಖಾನೆಯನ್ನು ಹುಡುಕಿಕೊಂಡು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಅದು ಮಾರಾಟದ ಹೆಸರು. ಒಳಗಿನ ಸರಕು ನನ್ನ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆಯೂ ಆಗದ ರಾಷ್ಟಾಟ್ ಊರಿನದು. 1890ರಲ್ಲಿ ಯಾಕೋಬ್ ಮಾಯರ್ ಮತ್ತು ಯೋಸೆಫ್ ಗ್ರಾಮೆಲ್ಸ್‌ಪಾಕರ್ ಅಲ್ಲಿ ಶುರು ಮಾಡಿದ ಕಂಪನಿಯದ್ದು. ಅವರ ಸ್ವಂತ ಹೆಸರು ಡಯಾನಾ. ಲಾಂಛನ ನೋಡಿದವರು ಮರೆಯುವುದಿಲ್ಲ: ಬೇಟೆಯ ದೇವತೆ ಬಿಲ್ಲು ಬಾಣಗಳನ್ನು ಕಾಲ ಬಳಿ ಬಿಸಾಕಿ, ಏರ್ ರೈಫಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ಅದೇ ರಾಷ್ಟಾಟಿನ ಬಂದೂಕುಗಳು ಅಮೆರಿಕದಲ್ಲಿ ಹೈ-ಸ್ಕೋರ್ ಹೆಸರಿನಲ್ಲಿಯೂ ವಿಂಚೆಸ್ಟರ್ ಹೆಸರಿನಲ್ಲಿಯೂ ಮಾರಾಟವಾದವು. ವಿಂಚೆಸ್ಟರ್ 353 ಅಂತ ಬರೆದ ಪಿಸ್ತೂಲು ಸಿಕ್ಕರೆ ಅದೂ ಇದೇ 5.

ಬ್ರಿಟನ್ನಿನ ಕಥೆ ಇನ್ನೂ ತಮಾಷೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ರಾಷ್ಟಾಟಿನ ಯಂತ್ರಗಳೂ ಡಯಾನಾ ಎಂಬ ಹೆಸರೂ ಸ್ಕಾಟ್ಲೆಂಡಿನ ಮದರ್‌ವೆಲ್‌ಗೆ, ಮಿಲ್ಬ್ರೋ ಕಂಪನಿಯ ಪಾಲಿಗೆ ಹೋದವು. ಜರ್ಮನ್ನರಿಗೆ ಮತ್ತೆ ಏರ್ ಗನ್ ಮಾಡಲು ಅಪ್ಪಣೆ ಸಿಕ್ಕಿದ್ದು 1950ರಲ್ಲಿ. ಆಗ ಬ್ರಿಟನ್ನಿನಲ್ಲಿ ತಮ್ಮದೇ ಹೆಸರನ್ನು ಬಳಸುವಂತಿಲ್ಲ! "ಒರಿಜಿನಲ್" ಅಂತ ಠಸ್ಸೆ ಹೊಡೆದು ಮಾರಿದರು. 1984ರಲ್ಲಿ ಹೆಸರು ತವರಿಗೆ ಮರಳಿತು. ಹಾಗಾಗಿ ಇಂಗ್ಲೆಂಡಿನ ಯಾವುದೋ ಅಟ್ಟದಲ್ಲಿ ಆ ಮೂರು ದಶಕದ ಡಯಾನಾ ಸಿಕ್ಕರೆ ಅದು ಸ್ಕಾಟ್ಲೆಂಡಿನದು, ಒರಿಜಿನಲ್ ಸಿಕ್ಕರೆ ಅದೇ ಅಸಲಿ ಡಯಾನಾ. ಮೇಲಿನ ಹೆಸರು ನೋಡಿ ಮೋಸ ಹೋಗಬೇಡಿ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮಗನ ವಾದ ಮೊದಲ ಸಂಜೆಯೇ ಬಿದ್ದುಹೋಯಿತು. ಯುದ್ಧಕ್ಕೆ ಮುಂಚೆಯೂ ಒಂದು "5" ಇತ್ತು, ನಿಜ. ಅವನು ಎಲ್ಲಿಯೋ ಅದನ್ನೇ ಓದಿರಬೇಕು. ಆದರೆ ಅದರ ಹಿಡಿ ಮರದ್ದು, ಮೈಕಟ್ಟೇ ಬೇರೆ. ನನ್ನ ಕೈಯಲ್ಲಿದ್ದದ್ದು ದಪ್ಪ ಕಂದು ಪ್ಲಾಸ್ಟಿಕ್ ಹಿಡಿಯದು. ಈ ರೂಪದ 5 ಹೊರಬಂದದ್ದು 1958ರಲ್ಲಿ, ಓಡಿದ್ದು ಸುಮಾರು ಇಪ್ಪತ್ತು ವರ್ಷ. ಅಂದರೆ ಅಜ್ಜಿಯ 1959 ಸಾಧ್ಯ. ಸಾಧ್ಯ ಅಷ್ಟೇ.

ಇನ್ನೊಂದು ಗುರುತು ಇರಬಹುದಾಗಿತ್ತು, ಇರಲಿಲ್ಲ. ಇಲ್ಲಿನ ಕಾನೂನಿನ ಪ್ರಕಾರ 7.5 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಗನ್ನುಗಳ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ "ಎಫ್" ಅಕ್ಷರ ಇರುತ್ತದೆ. 1970ರ ಜನವರಿ 1ಕ್ಕಿಂತ ಮುಂಚೆ ಮಾರುಕಟ್ಟೆಗೆ ಬಂದದ್ದಕ್ಕೆ ಅದು ಬೇಕಿಲ್ಲ. ಎಫ್ ಇದ್ದರೆ ಸಾಮಾನ್ಯವಾಗಿ 70ರಿಂದ ಈಚಿನದು ಅಂತ ಹಿಡಿಯಬಹುದು. ಇಲ್ಲದಿದ್ದರೆ ಅಷ್ಟು ಧೈರ್ಯದಿಂದ ಹೇಳಬಾರದು, ಯಾಕೆಂದರೆ ಹೊರದೇಶಕ್ಕೆ ಕಳಿಸಿದ ಮಾಲಿಗೆ ಆ ಗುರುತಿನ ಹಂಗಿಲ್ಲ. ಆದರೆ ಇದು ಇಲ್ಲಿಯೇ ಕೊಂಡು ಇಲ್ಲಿಯೇ ಡಬ್ಬಿ ಸೇರಿದ್ದು. ಹಾಗಾಗಿ 1958ರಿಂದ 69ರ ನಡುವೆ ಅಂತ ಗೆರೆ ಎಳೆದು ಮಲಗಿದೆ.

ಶನಿವಾರ ಬೆಳಿಗ್ಗೆ ಅಸಲಿ ಕೆಲಸ. ರಾಷ್ಟಾಟಿನವರ ಒಂದು ಒಳ್ಳೆಯ ಅಭ್ಯಾಸವಿತ್ತು: ತಯಾರಾದ ತಿಂಗಳು ಮತ್ತು ವರ್ಷವನ್ನು ಸಿಲಿಂಡರಿನ ಮೇಲೆ ಪುಟ್ಟ ಅಂಕಿಗಳಲ್ಲಿ ಪಂಚ್ ಹೊಡೆಯುತ್ತಿದ್ದರು. ಸೀರಿಯಲ್ ನಂಬರಿನ ಪಟ್ಟಿ ಹಿಡಿದು ಊಹಿಸುವ ರಗಳೆ ಇಲ್ಲ. ಬರ್ಮಿಂಗ್ಹ್ಯಾಮಿನ ವೆಬ್ಲಿ ಪಿಸ್ತೂಲುಗಳಲ್ಲಿ ಆ ಸುಖ ಇಲ್ಲ. ಅವರ ಮಾರ್ಕ್ 1 ಬಂದದ್ದು 1924ರಲ್ಲಿ. 1964ರಿಂದ 75ರವರೆಗೆ ಬಂದ ಪ್ರೀಮಿಯರ್‌ಗೆ 'ಎ'ಯಿಂದ 'ಎಫ್'ವರೆಗೆ ಸರಣಿ ಅಕ್ಷರಗಳು. ಅಲ್ಲಿ ಆ ಅಕ್ಷರ, ನಂಬರು, ವಿಳಾಸದ ಸಾಲು, ಹಿಡಿಯ ಓರೆ ಎಲ್ಲವನ್ನೂ ಕೂಡಿಸಿ ಕಳೆದು ಕಾಲ ಹೇಳಬೇಕು. ಇನ್ನು ವಾಲ್ಟರ್ ಎಲ್‌ಪಿ 53, ಶಾನ್ ಕಾನರಿ ಬಾಂಡ್ ಆಗಿ ಎದೆಗೊತ್ತಿ ಹಿಡಿದು ನಿಂತ ಪ್ರಚಾರಚಿತ್ರದ ಪಿಸ್ತೂಲು. ಅದರ 53 ಮಾಡೆಲ್ಲಿನ ಹೆಸರಷ್ಟೆ. 80ರ ದಶಕದಲ್ಲಿ ಮಾಡಿದ್ದಕ್ಕೂ 53 ಅಂತಲೇ ಬರೆದಿರುತ್ತದೆ. ಅದನ್ನೇ ವರ್ಷ ಅಂದುಕೊಂಡು "1953ರದ್ದು" ಅಂತ ಮಾರುವವರಿಗೂ ಕೊಳ್ಳುವವರಿಗೂ ಬರವಿಲ್ಲ.

ನನ್ನದರ ಪಂಚ್ ಸಿಲಿಂಡರಿನ ಎಡಮಗ್ಗುಲಲ್ಲಿ, ಹಿಂಭಾಗಕ್ಕೆ, ಹಿಡಿ ಸೇರುವ ಗೆರೆಯ ಪಕ್ಕದಲ್ಲಿ ಸಿಕ್ಕಿತು. ಅಂಕಿಯ ಎತ್ತರ ಎರಡು ಮಿಲಿಮೀಟರ್ ಇದ್ದೀತು. ಅಲ್ಲಿಯೇ ಬೆವರಿನ ಬೆರಳು ಕೂತು ಕೂತು ತುಕ್ಕು ಹಿಡಿದಿದೆ. "11" ಸ್ಪಷ್ಟ. ಆಮೇಲೊಂದು ಅಂಕಿ, ಮೇಲರ್ಧ ತುಕ್ಕಿನ ಗುಳಿಯಲ್ಲಿ ಮುಳುಗಿ ಕೆಳಗಿನ ಹೊಟ್ಟೆ ಮಾತ್ರ ಉಳಿದದ್ದು. ಕೊನೆಗೆ "8".

ಹೊಟ್ಟೆ ಇರುವ ಅಂಕಿಗಳು 3, 5, 6, 8. ಮೂವತ್ತೆಂಟು ಆಗುವ ಹಾಗಿಲ್ಲ, ಈ ರೂಪವೇ ಹುಟ್ಟಿರಲಿಲ್ಲ. ಎಂಬತ್ತೆಂಟು ಆಗಿದ್ದರೆ ಎಫ್ ಇರಬೇಕಿತ್ತು, ಈ ರೂಪವೂ ನಿಂತುಹೋಗಿತ್ತು. ಉಳಿದದ್ದು 58 ಅಥವಾ 68. ನವೆಂಬರ್ 58 ಆದರೆ ಅಜ್ಜಿಯ ಮಾತು ಅಚ್ಚುಕಟ್ಟಾಗಿ ಕೂಡುತ್ತದೆ: ಚಳಿಗಾಲದಲ್ಲಿ ತಯಾರು, ಮರುವರ್ಷ ಅಂಗಡಿಗೆ, ಮದುವೆ. ನನಗೂ ಅದೇ ಆಗಲಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮೊದಲ ವರ್ಷದ ಮಾಲು ಅಂದರೆ ಹೆಮ್ಮೆಯೇ ಬೇರೆ. ಹಾಗೆ ಅನ್ನಿಸಿದ್ದರಿಂದಲೇ ಭೂತಗನ್ನಡಿ ಕೆಳಗಿಟ್ಟು ಎದ್ದೆ. ಬೇಕಾದದ್ದನ್ನೇ ಕಾಣುವ ಕಣ್ಣಿಗೆ ಐದೂ ಒಂದೇ ಆರೂ ಒಂದೇ.

ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರೊಬ್ಬರು ಹಾವೇರಿಯ ಸಿದ್ಧೇಶ್ವರ ಗುಡಿಗೆ ಕರೆದುಕೊಂಡು ಹೋಗಿ ಶಾಸನದ ಅಚ್ಚು ತೆಗೆಯುವುದು ಹೇಗೆಂದು ವಿವರಿಸಿದ್ದರು. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಯೊಳಕ್ಕೆ ಇಳಿಸಿ, ಮೇಲೆ ಮಸಿ ಒತ್ತಬೇಕು. ಕಲ್ಲನ್ನು ಮಾತ್ರ ಕೆರೆಯಬಾರದು. ಅವರು ಹೇಳಿದ್ದ ಇನ್ನೊಂದು ಮಾತು ಅವತ್ತು ಬೆಳಿಗ್ಗೆ ತಲೆಗೆ ಬಂತು: ಶಾಸನದಲ್ಲಿ ಶಕವರ್ಷ ಒಂದೇ ಇದ್ದರೆ ಸಾಲದು, ಸಂವತ್ಸರದ ಹೆಸರು, ತಿಥಿ, ವಾರ ಎಲ್ಲ ಒಂದಕ್ಕೊಂದು ತಾಳೆಯಾಗಬೇಕು, ಆಗದಿದ್ದರೆ ಕೆತ್ತಿದವನು ತಪ್ಪಿದ್ದಾನೆ ಅಥವಾ ಓದಿದವನು. ಗುಡಿಯ ಕಲ್ಲಿಗೆ ಹೇಳಿದ್ದು ಪಿಸ್ತೂಲಿನ ಕಬ್ಬಿಣಕ್ಕೂ ಸರಿಯೇ.

ತಂತಿ ಬ್ರಷ್ಷು, ಎಮರಿ ಕಾಗದ ದೂರ ಇಟ್ಟೆ. ಅವು ತುಕ್ಕಿನ ಜೊತೆ ಅಂಕಿಯ ಅಂಚನ್ನೂ, ಸುತ್ತಲಿನ ನೀಲಿ ಲೇಪವನ್ನೂ ತಿಂದುಬಿಡುತ್ತವೆ. ಆಮೇಲೆ ಅಳುವುದೊಂದೇ ಉಳಿಯುತ್ತದೆ. ಆ ಜಾಗಕ್ಕೆ ತೆಳು ಎಣ್ಣೆಯಲ್ಲಿ ನೆನೆಸಿದ ಹತ್ತಿ ಇಟ್ಟು ಮೇಲೆ ಪ್ಲಾಸ್ಟಿಕ್ ಸುತ್ತಿ ಇಡೀ ದಿನ ಬಿಟ್ಟೆ. ರಾತ್ರಿ ಬಿದಿರಿನ ಹಲ್ಲುಕಡ್ಡಿ ಚೂಪು ಮಾಡಿಕೊಂಡು ಗುಳಿಯಿಂದ ಕೆಂಪು ಕೆಸರನ್ನು ತೋಡಿದೆ. ಕಡ್ಡಿ ಮೊಂಡಾಗುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ಹನ್ನೆರಡು ಕಡ್ಡಿ ಖರ್ಚಾದವು. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಸೀಮೆಸುಣ್ಣದ ಪುಡಿ ಬೆರಳಲ್ಲಿ ಉಜ್ಜಿ, ಮೇಲ್ಮೈಯನ್ನು ಅಂಗೈಯಿಂದ ಸವರಿದೆ. ಪುಡಿ ಗುಳಿಯಲ್ಲಿ ಉಳಿಯುತ್ತದೆ. ದೀಪ ಆರಿಸಿ, ಟಾರ್ಚನ್ನು ಮೈಗೆ ತಾಗುವಷ್ಟು ಓರೆಯಾಗಿ ಎಡದಿಂದ, ಮೇಲಿನಿಂದ, ಬಲದಿಂದ ಹಿಡಿದು ಮೂರು ಫೋಟೋ.

ಅಂಕಿಯ ತಲೆ ಸಿಗಲೇ ಇಲ್ಲ, ಅಲ್ಲಿ ಉಕ್ಕೇ ತಿಂದುಹೋಗಿದೆ. ಆದರೆ ಹೊಟ್ಟೆಯ ಎಡಗಡೆ ನೋಡಿ. ಐದಕ್ಕೆ ಎಡಗಡೆ ಬಾಯಿ ತೆರೆದಿರುತ್ತದೆ. ಕೆಳಗಿನ ಕೊಕ್ಕೆ ಹೊರಳಿ ಅರ್ಧಕ್ಕೇ ನಿಲ್ಲುತ್ತದೆ. ಆರಕ್ಕೆ ಅದೇ ಜಾಗದಲ್ಲಿ ಗೆರೆ ಕೆಳಗಿನಿಂದ ಮೇಲಕ್ಕೆ ಎಡೆಬಿಡದೆ ಏರಿಹೋಗುತ್ತದೆ. ಬಲದಿಂದ ಬೆಳಕು ಬಿದ್ದಾಗ ಆ ಎಡಗೋಡೆ ಬಿಳಿ ನೂಲಿನ ಹಾಗೆ ಎದ್ದು ಕಂಡಿತು, ಎಲ್ಲಿಯೂ ತುಂಡಾಗದೆ. ಸಂಶಯಕ್ಕೆ ಸಿಗರೇಟು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ ಉಜ್ಜಿ ಅಚ್ಚನ್ನೂ ತೆಗೆದೆ. ಪಕ್ಕದ ಎಂಟರ ಕೆಳಹೊಟ್ಟೆಯೂ ಇದರ ಹೊಟ್ಟೆಯೂ ಅಕ್ಕತಂಗಿಯರ ಹಾಗೆ ದುಂಡಗೆ, ಮುಚ್ಚಿಕೊಂಡು.

11 68. ಅಜ್ಜಿಯ ಮದುವೆಗಿಂತ ಒಂಬತ್ತು ವರ್ಷ ಚಿಕ್ಕದು.

ಇನ್ನು ರಿಪೇರಿ. ಬಿಚ್ಚುವ ಮುಂಚೆ ಶಕ್ತಿ ಅಳೆದು ಬರೆದಿಟ್ಟುಕೊಂಡೆ. ಇಲ್ಲಿ ಗುಳಿಗೆ ಕಾಂಪೌಂಡು ದಾಟದಂತೆ ನೋಡಿಕೊಂಡರೆ ಖಾಸಗಿ ಜಾಗದಲ್ಲಿ, ಒಡೆಯರ ಒಪ್ಪಿಗೆಯ ಮೇಲೆ ಹೊಡೆಯಬಹುದು. ಹೊರಗೆ ಒಯ್ಯುವುದಾದರೆ ಖಾಲಿ ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ನೆಲಮಾಳಿಗೆಯಲ್ಲಿ ಮರಳಿನ ಚೀಲ ಇಟ್ಟು, 0.45 ಗ್ರಾಮಿನ ಗುಳಿಗೆಯಿಂದ ಐದು ಸಲ ಹೊಡೆದರೆ ಸರಾಸರಿ ಸೆಕೆಂಡಿಗೆ 64 ಮೀಟರ್. ಒಂದು ಜೂಲ್ ಕೂಡ ಇಲ್ಲ. ಟ್ರಿಗರ್ ಒತ್ತಿದಾಗ ಬರಬೇಕಾದ ಗಟ್ಟಿ "ಟಕ್" ಬದಲು ಮುದುಕನ ಕೆಮ್ಮಿನಂಥ ಸದ್ದು. ಗಾಳಿ ಪಿಸ್ಟನ್ನಿನ ಅಂಚಿನಿಂದ ಹಿಂದಕ್ಕೆ ಸೋರುತ್ತಿದೆ ಅಂತ ಕಿವಿಗೇ ಗೊತ್ತಾಯಿತು.

ಹಿಡಿಯ ಸ್ಕ್ರೂ ಬಿಚ್ಚಿದಾಗ ಒಳಗೆ ಮಡಚಿಟ್ಟ ಬೆಳ್ಳಿ ಕಾಗದ ಸಿಕ್ಕಿತು, ಸಿಗರೇಟು ಪ್ಯಾಕಿನದು. ಅಲುಗಾಡುತ್ತಿದ್ದ ಹಿಡಿಗೆ ಯಜಮಾನರು ಹಾಕಿದ ಬೆಣೆ. ಅದರಲ್ಲಿ ತಾರೀಖು ಏನಾದರೂ ಇದೆಯಾ ಅಂತ ಬಿಡಿಸಿ ನೋಡಿದೆ. ಏನೂ ಇಲ್ಲ. ಇದ್ದಿದ್ದರೂ ಕೊನೆಯ ಸಲ ಬಿಚ್ಚಿದ್ದು ಯಾವಾಗ ಅನ್ನುವುದಷ್ಟೇ ಗೊತ್ತಾಗುತ್ತಿತ್ತು.

ಸ್ಪ್ರಿಂಗು ಹೊರತೆಗೆಯುವುದು ಹುಡುಗಾಟದ ಕೆಲಸವಲ್ಲ. ನಳಿಗೆ ಬಗ್ಗಿಸಿ ಬಿಗಿಯದೆ ಇದ್ದಾಗಲೂ ಅದು ಒಳಗೆ ಒತ್ತಿಕೊಂಡೇ ಕೂತಿರುತ್ತದೆ. ಹಿಂದಿನ ಅಡ್ಡಪಿನ್ನು ತೆಗೆದ ಕ್ಷಣ ಟ್ರಿಗರಿನ ಕಟ್ಟು ಸಮೇತ ಎದೆಗೆ ಹಾರುತ್ತದೆ. ಉದ್ದ ಕ್ಲ್ಯಾಂಪಿನ ನಡುವೆ, ಎರಡು ಕಡೆಯೂ ಮರದ ತುಂಡು ಕೊಟ್ಟು ಬಿಗಿದು, ಸ್ಪ್ರಿಂಗಿನ ಒತ್ತಡ ಪಿನ್ನಿನ ಮೇಲಿಂದ ಇಳಿದ ಮೇಲೆ ಹಿತ್ತಾಳೆ ಪಂಚಿನಿಂದ ಪಿನ್ನನ್ನು ತಟ್ಟಿ ತೆಗೆದೆ. ಆಮೇಲೆ ಕ್ಲ್ಯಾಂಪನ್ನು ಕಾಲು ಸುತ್ತು, ಕಾಲು ಸುತ್ತಿನಂತೆ ಸಡಿಲಿಸುತ್ತ ಹೋದರೆ ಸ್ಪ್ರಿಂಗು ತಾನಾಗಿ ಉಸಿರು ಬಿಟ್ಟಿತು. ಸ್ವಲ್ಪ ಬಾಗಿದೆ, ಮುರಿದಿಲ್ಲ. ತೊಳೆದು ಅದನ್ನೇ ಹಾಕಲು ತೀರ್ಮಾನಿಸಿದೆ. ಹೊಸ ಗಡಸು ಸ್ಪ್ರಿಂಗು ಹಾಕಿ ಹಳೆಯ ಪಿಸ್ತೂಲಿನಿಂದ ಹೊಸ ಶಕ್ತಿ ಹಿಂಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಲ್ಲಿ ಅದರಿಂದ ಕಾನೂನಿನ ತಕರಾರೂ ಹುಟ್ಟಬಹುದು.

ಪಿಸ್ಟನ್ನಿನ ತಲೆಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ತೊಗಲಿನ ವಾಷರ್, ಬಟ್ಟಲಿನ ಆಕಾರದ್ದು. ಒಣಗಿ ಹಪ್ಪಳವಾಗಿತ್ತು, ಬೆರಳು ಒತ್ತಿದರೆ ಅಂಚು ಪುಡಿ. ನೋಡಿದ ಕೂಡಲೇ ನಗು ಬಂತು. ರಾಣೇಬೆನ್ನೂರಿನಲ್ಲಿ ನಮ್ಮಪ್ಪನ ಸೈಕಲ್ ಅಂಗಡಿ ಇತ್ತು. ಗಾಳಿ ಹೊಡೆಯುವ ಪಂಪಿನೊಳಗೆ ಇರುತ್ತಿದ್ದದ್ದು ಇದೇ ವಾಷರ್. ಸೀಮೆಎಣ್ಣೆ ಪಂಪ್ ಸ್ಟೋವಿನಲ್ಲಿಯೂ ಇದೇ. ಅಮ್ಮ ಸ್ಟೋವ್ ಹತ್ತದಿದ್ದರೆ ವಾಷರ್ ಕಿತ್ತು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಅಂಚನ್ನು ಉಗುರಿನಿಂದ ಅಗಲಿಸಿ ಮತ್ತೆ ಹಾಕುತ್ತಿದ್ದಳು. ಅಷ್ಟರಿಂದಲೇ ಸ್ಟೋವ್ ಇನ್ನೊಂದು ತಿಂಗಳು ಓಡುತ್ತಿತ್ತು.

ಇದು ಅದ್ದಿ ಅಗಲಿಸುವ ಹಂತ ದಾಟಿತ್ತು. ಮೂರು ಮಿಲಿಮೀಟರ್ ದಪ್ಪದ, ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲಿನ ತುಂಡು ತಂದು, ಸಿಲಿಂಡರಿನ ಬಾಯಿಗಿಂತ ಅಗಲವಾದ ಬಿಲ್ಲೆ ಕತ್ತರಿಸಿದೆ. ಬಿಸಿ ನೀರಲ್ಲಿ ಕಾಲು ಗಂಟೆ ನೆನೆಸಿದರೆ ರೊಟ್ಟಿ ಹಿಟ್ಟಿನ ಹಾಗೆ ಬಗ್ಗುತ್ತದೆ. ಮರದ ಹಲಗೆಯಲ್ಲಿ ಸಿಲಿಂಡರಿನ ಒಳವ್ಯಾಸದಷ್ಟೇ ತೂತು ಕೊರೆದು, ಬಿಲ್ಲೆಯನ್ನು ಅದರ ಮೇಲಿಟ್ಟು, ಸ್ವಲ್ಪ ಸಣ್ಣ ಬೋಲ್ಟಿನ ತಲೆಯಿಂದ ವೈಸಿನಲ್ಲಿ ಒತ್ತಿ ಎರಡು ದಿನ ಹಾಗೇ ಬಿಟ್ಟೆ. ಮೊದಲನೆಯದು ಸೀಳಿತು, ಅವಸರಪಟ್ಟು ಒಂದೇ ಸಲಕ್ಕೆ ತಿರುಗಿಸಿದ್ದೆ. ಎರಡನೆಯದನ್ನು ಅರ್ಧ ಗಂಟೆಗೊಮ್ಮೆ ಅರ್ಧ ಸುತ್ತಿನಂತೆ ಇಳಿಸಿದೆ, ಬಟ್ಟಲು ಚೆನ್ನಾಗಿ ಬಂತು. ಒಣಗಿದ ಮೇಲೆ ಅಂಚನ್ನು ಬ್ಲೇಡಿನಿಂದ ಸಮ ಮಾಡಿ, ದನದ ಕಾಲೆಲುಬಿನ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಚೆನ್ನಾಗಿ ಒರೆಸಿ ಕೂರಿಸಿದೆ. ಒರೆಸುವುದು ಮುಖ್ಯ. ಪಿಸ್ಟನ್ನಿನ ಮುಂದೆ ಎಣ್ಣೆ ಹೆಚ್ಚಾದರೆ ಹಿಂಡಿದ ಗಾಳಿಯ ಬಿಸಿಗೆ ಅದು ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಂಡು ಢಂ ಅನ್ನುತ್ತದೆ. ನಳಿಗೆಯ ಬುಡದ ಪುಟ್ಟ ವಾಷರನ್ನೂ ಅದೇ ತೊಗಲಿನಲ್ಲಿ ಕತ್ತರಿಸಿ ಬದಲಿಸಿದೆ.

ತುಕ್ಕಿನ ಜಾಗಕ್ಕೆ ಹೊಸ ಬಣ್ಣ ಹಾಕಲಿಲ್ಲ. ಎಣ್ಣೆ ಸವರಿ ಬಿಟ್ಟೆ, ಅಷ್ಟೆ. ಹೊಳಪು ಕೊಡಲು ಹೋಗಿ ಪಂಚನ್ನು ಸವೆಸಿದರೆ ಮುಂದೆ ಯಾರಾದರೂ "58" ಅಂತ ಓದಿದಾಗ ತೋರಿಸಲು ಏನೂ ಉಳಿಯುವುದಿಲ್ಲ.

ಜೋಡಿಸಿದ ಮೇಲೆ ಮೊದಲ ಹತ್ತು ಹೊಡೆತ ಲೆಕ್ಕಕ್ಕಿಲ್ಲ, ತೊಗಲು ಸಿಲಿಂಡರಿಗೆ ಒಗ್ಗಿಕೊಳ್ಳಬೇಕು. ಸ್ವಲ್ಪ ಹೊಗೆ ಬಂತು, ಸುಟ್ಟ ಎಣ್ಣೆಯ ವಾಸನೆ. ಆಮೇಲೆ ಅಳೆದರೆ 122 ಮೀಟರ್. ಸುಮಾರು 3.3 ಜೂಲ್. ಸದ್ದೂ ಬದಲಾಯಿತು. ಐದು ಮೀಟರಿನಲ್ಲಿ ಎರಡು ರೂಪಾಯಿ ನಾಣ್ಯದಗಲದ ಗುಂಪು. ಅದಕ್ಕಿಂತ ಚಿಕ್ಕದಾಗದಿದ್ದರೆ ತಪ್ಪು ನನ್ನ ಕೈಯದು. ಹೊಡೆದಾಗ ಒಳಗಿನ ಪಿಸ್ಟನ್ನಿನ ಜಗ್ಗಾಟ ಇಡೀ ಮಣಿಕಟ್ಟಿಗೆ ಬರುತ್ತದೆ. ಇದೇ ಕಾರ್ಖಾನೆಯ ಮಾಡೆಲ್ 6ರಲ್ಲಿ ಎರಡು ಪಿಸ್ಟನ್ನುಗಳು ಹಲ್ಲುಚಕ್ರದ ಮೂಲಕ ಎದುರುಬದುರು ಓಡಿ ಆ ಜಗ್ಗಾಟವನ್ನು ನುಂಗಿಬಿಡುತ್ತವೆ. ಅದನ್ನು ಬಿಚ್ಚುವ ಧೈರ್ಯ ನನಗಿನ್ನೂ ಬಂದಿಲ್ಲ.

ಮುಂದಿನ ವಾರದ ಭಾನುವಾರ ಮಧ್ಯಾಹ್ನ ಪಿಸ್ತೂಲು, ಪೆನ್ಸಿಲ್ ಅಚ್ಚು, ಫೋಟೋ ಹಿಡಿದುಕೊಂಡು ಮೇಲೆ ಹೋದೆ. ಅಜ್ಜಿ ಕನ್ನಡಕ ಬದಲಿಸಿ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಆರೇ ಇದು" ಅಂದರು, ನಾನು ಹೇಳುವ ಮುಂಚೆಯೇ. ಆಮೇಲೆ ಸುಮ್ಮನಾದರು. ಮದುವೆ ವರ್ಷದ್ದು ಅಲ್ಲ ಅಂತ ಬೇಸರವಾಯಿತೇನೋ ಅಂದುಕೊಂಡು, ಒಂಬತ್ತು ವರ್ಷ ನೆನಪಿನಲ್ಲಿ ಹಿಂದೆ ಮುಂದೆ ಆಗುವುದು ಸಹಜ ಅಂತ ಏನೋ ತೊದಲಿದೆ.

"ನನ್ನ ನೆನಪಿಗೇನೂ ಆಗಿಲ್ಲ. ಮದುವೆ ವರ್ಷ ಅಡುಗೆಮನೆ ಮೇಜಿನ ಮೇಲೆ ನಾನೇ ನೋಡಿದ್ದೀನಿ, ಇಂಥದ್ದೇ" ಅಂದರು ಅಜ್ಜಿ. "ಮಕ್ಕಳು ಹುಟ್ಟಿದ ಮೇಲೆ ಮನೇಲಿ ಅದು ಇರಕೂಡದು, ಮಾರಿಬಿಡಿ ಅಂದೆ. ಮಾರಿದೆ ಅಂದರು. ಆಮೇಲೆ ಎಷ್ಟೋ ವರ್ಷಕ್ಕೆ ಮತ್ತೆ ಕಂಡಾಗ, ಮಾರಿರಲೇ ಇಲ್ಲ, ಬಚ್ಚಿಟ್ಟಿದ್ದಾರೆ ಅಂತ ಜಗಳವಾಡಿದ್ದೆ." ಪಿಸ್ತೂಲನ್ನು ಮಗುಚಿ ನೋಡಿದರು. "ಪಾಪ. ಮಾರಿದ್ದರು ಅನ್ನಿ. ಮಾರಿ ಹೊಸದು ತಂದಿದ್ದಾರೆ."

"ಅಥವಾ ಮಾರಿಲ್ಲ, ಎರಡೂ ಇವೆ" ಅಂದೆ ತಮಾಷೆಗೆ.

ಅಜ್ಜಿ ನಗಲಿಲ್ಲ. ಎದ್ದು ಹೋಗಿ ನೆಲಮಾಳಿಗೆಯ ಬೀಗದ ಕೈ ತಂದು ಮೇಜಿನ ಮೇಲಿಟ್ಟರು. ಉಪ್ಪಿನಕಾಯಿ ಜಾಡಿಗಳ ಹಿಂದೆ ಇನ್ನೂ ಮೂರು ಡಬ್ಬಿಗಳಿವೆಯಂತೆ.